ಸಕ್ಕರಿ ಹೆಪ್ಪು

ಗುಳೇದಗುಡ್ಡದ ಹಸೀನಾಬೀಯಂಥ ದೇಹ ಈ ಭೂಮಿಯ ಮೇಲೆ ಇನ್ನೊಂದಿಲ್ಲ ಎಂದು ಅಂದು ಮುಂಜಾನೆ ಯಂತ್ರ ತೀರ್ಮಾನಿಸಿತು. ಏಳು ಗಂಟೆಗೆ ಅವಳ ರಕ್ತದಲ್ಲಿ ಸಕ್ಕರೆ ತೊಂಬತ್ತೆರಡು. ಏಳು ಗಂಟೆ ನಾಲ್ಕು ನಿಮಿಷಕ್ಕೆ ಮುನ್ನೂರ ಹತ್ತು. ಮತ್ತೆ ಮೂರು ನಿಮಿಷ ಬಿಟ್ಟು ನೂರ ನಲವತ್ತು, ಅದರ ಬೆನ್ನಿಗೇ ಇನ್ನೂರ ಆರು. ಎಂಟು ಗಂಟೆಯೊಳಗೆ ಹದಿನೇಳು ಸಲ ಬೆರಳು ಚುಚ್ಚಿಕೊಂಡು, ಹದಿನೇಳು ಸಲವೂ ಬೇರೆ ಬೇರೆ ಮನುಷ್ಯಳಾಗಿ ಕಾಣಿಸಿಕೊಂಡಿದ್ದಳು ಮಹಾತಾಯಿ.

ನೀಲಾಂಬಿಕಾ ಜವಳಿ ಆ ಅಂಕಿಗಳನ್ನು ಎರಡು ಸಲ ಓದಿದಳು. ಅವಳು ಬಾದಾಮಿ ರಸ್ತೆಯ ಜೈವಿಕ ಪರೀಕ್ಷಾ ಕೇಂದ್ರದಲ್ಲಿ ತಂತ್ರಜ್ಞೆ. ಹುಟ್ಟಿದ್ದೂ ಮದುವೆಯಾದದ್ದೂ ಇದೇ ಊರಿನ ನೇಕಾರರ ಓಣಿಯಲ್ಲಿ. ಅವಳು ಕೂತಿದ್ದ ನಿಯಂತ್ರಣ ಕೊಠಡಿಯನ್ನು ರಾಕೆಟ್ ಹಾರಿಸುವ ಜಾಗ ಎಂದುಕೊಳ್ಳಬೇಡಿ. ಮೂರು ಪರದೆ, ಎರಡು ಕುರ್ಚಿ, ಕಿರುಗುಟ್ಟುವ ಒಂದು ಫ್ಯಾನು. ಆದರೆ ಆ ಕೋಣೆಯಿಂದ ಒಂದು ದೊಡ್ಡ ಪ್ರಯೋಗ ನಡೆಯುತ್ತಿತ್ತು.

ಆ ಹೊತ್ತಿಗೆ ಉಳ್ಳವರ ತೋಳಿಗೆ ಅಂಟಿಸಿಕೊಳ್ಳುವ ಬಿಲ್ಲೆಗಳು ಬಂದು ವರ್ಷಗಳೇ ಕಳೆದಿದ್ದವು. ಬಿಲ್ಲೆ ತಾನೇ ಸಕ್ಕರೆ ನೋಡಿ, ತಾನೇ ಫೋನಿಗೆ ಹೇಳಿ, ಹೋಳಿಗೆಗೆ ಕೈ ಚಾಚಿದರೆ ತಾನೇ ಗದರಿಸುತ್ತಿತ್ತು. ಇಲ್ಲದವರು ಮೂರು ತಿಂಗಳಿಗೊಮ್ಮೆ ಆಸ್ಪತ್ರೆಯ ಸಾಲಿನಲ್ಲಿ ನಿಂತು ಆ ಒಂದು ದಿನದ ಸಕ್ಕರೆ ತಿಳಿದುಕೊಂಡು, ಉಳಿದ ದಿನಗಳನ್ನೆಲ್ಲ ಅಂದಾಜಿನ ಮೇಲೆ ದೂಡುತ್ತಿದ್ದರು. ಇವರಿಗಾಗಿ ಏನಾದರೂ ಮಾಡಬೇಕೆಂದು ಕೇಂದ್ರದವರು ಮೊಸರಿನ ಬ್ಯಾಕ್ಟೀರಿಯಾದ ದಾಯಾದಿಯೊಂದನ್ನು ಹಿಡಿದು ತಿದ್ದಿದ್ದರು. ಅದಕ್ಕೆ ಕಲಿಸಿದ್ದು ಒಂದೇ ವಿದ್ಯೆ: ಸಕ್ಕರೆ ಸಿಕ್ಕರೆ ನೀಲಿಯಾಗುವುದು, ಸಕ್ಕರೆ ತಿಂದು ತೀರಿದರೆ ಮತ್ತೆ ಬೆಳ್ಳಗಾಗುವುದು. ಬೆಳ್ಳಗಾದ ದ್ರವದಲ್ಲಿ ಕಾಗದದ ಪಟ್ಟಿ ಅದ್ದಿ ನೆರಳಲ್ಲಿ ಒಣಗಿಸಿ, ಅದರ ಮೇಲೆ ಒಂದು ಹನಿ ರಕ್ತ ಬಿಟ್ಟರೆ ಒಂದು ನಿಮಿಷಕ್ಕೆ ಹನಿಯ ಸುತ್ತ ನೀಲಿ ಮೂಡುತ್ತದೆ. ಸಕ್ಕರೆ ಹೆಚ್ಚಿದಷ್ಟೂ ನೀಲಿ ಗಾಢ. ಫೋನಿನ ಕ್ಯಾಮೆರಾ ಆ ನೀಲಿಯನ್ನು ನೋಡಿ ಅಂಕಿ ಹೇಳಿ, ಕೇಂದ್ರಕ್ಕೂ ಕಳಿಸುತ್ತದೆ.

ಇದನ್ನು ಪರೀಕ್ಷಿಸಲು ಚೀಟಿ ಎತ್ತಿ ನಲವತ್ತು ಮನೆ ಆರಿಸಿದ್ದರು. ಮನೆಗೊಂದು ಬಾಟಲಿ, ಇಪ್ಪತ್ತೆಂಟು ದಿನಕ್ಕೆ ಸಾಕಾಗುವಷ್ಟು. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಮಾತ್ರ. ಗುಳಿಗೆ ನುಂಗುವವರಿಗೆ ಮನೆಯಲ್ಲಿ ಪರೀಕ್ಷೆಯ ಅಗತ್ಯವಿಲ್ಲ ಎಂದು ನಿಯಮ ಬರೆದವರು ಬರೆದಿದ್ದರು. ಕೇಂದ್ರದ ನೌಕರರ ಮನೆಯವರಂತೂ ಚೀಟಿಯ ಹತ್ತಿರಕ್ಕೂ ಸುಳಿಯುವಂತಿರಲಿಲ್ಲ.

ನಲವತ್ತು ಮನೆ, ಹತ್ತೊಂಬತ್ತು ದಿನ. ಪರದೆಯ ಮೇಲೆ ಏಳುನೂರ ಅರವತ್ತು ಪರೀಕ್ಷೆ ಇರಬೇಕಿತ್ತು. ಮೂರು ಸಾವಿರದ ಏಳುನೂರು ಇತ್ತು.

ಕೇಂದ್ರದ ಮುಖ್ಯಸ್ಥ ಡಾಕ್ಟರ್ ವಾದಿರಾಜ ಕಟಗೇರಿಯವರು ಬಂದು ನಿಂತರು. ತೋಳಿನ ಬಿಲ್ಲೆಯನ್ನು ಅಂಗಿಯ ಮೇಲಿಂದಲೇ ಒಮ್ಮೆ ಒತ್ತಿಕೊಂಡು ಪರದೆ ನೋಡಿದರು.

"ಯಾರೋ ನಮ್ಮ ಯಂತ್ರದಾಗ ಕೈ ಆಡಿಸ್ಯಾರ. ಇಲ್ಲಾ, ಈ ಹಸೀನಾಬೀ ಸತ್ತಾಳ. ಹೋಗಿ ನೋಡ್ಕೊಂಡು ಬರ್ರಿ ನೀಲಾಂಬಿಕಾ" ಅಂದರು.

ಹಸೀನಾಬೀ ಸತ್ತಿರಲಿಲ್ಲ. ನೀಲಾಂಬಿಕಾ ಹೋದಾಗ ಅವಳು ಬಾಗಿಲ ಕಟ್ಟೆಯ ಮೇಲೆ ಕೂತು ಮಗ್ಗಕ್ಕೆ ಬೇಕಾದ ನೂಲು ಬಿಡಿಸುತ್ತಿದ್ದಳು. ಅವಳ ಮುಂದೆ ಆರು ಜನ ಸಾಲಾಗಿ ಕೂತಿದ್ದರು. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಬಿಳಿ ಪಟ್ಟಿ, ಬೆರಳ ತುದಿಯಲ್ಲಿ ಒಂದೊಂದು ಹನಿ ರಕ್ತ. ಹಸೀನಾಬೀಯ ಫೋನು ಕೈಯಿಂದ ಕೈಗೆ ಹೋಗುತ್ತಿತ್ತು. ನೀಲಾಂಬಿಕಾ ನೇರ ಕಟ್ಟೆಯ ಹತ್ತಿರ ಹೋದಳು.

"ಚಾಚೀ, ಸೂಜಿ ಒಂದೇನ?" ಎಂದು ಮೊದಲು ಅದನ್ನೇ ಕೇಳಿದಳು.

"ಏ ಹುಚ್ಚಿ, ನಾವೇನು ಅಷ್ಟು ದಡ್ಡರ? ಸೂಜಿ ಅವರವರದು, ಒಮ್ಮೆ ಚುಚ್ಚಿದ್ದು ಮತ್ತ ಮುಟ್ಟಂಗಿಲ್ಲ. ಫೋನ್ ಅಷ್ಟ ನಂದು" ಅಂದಳು ಹಸೀನಾಬೀ. "ಬಾ, ಕುಂದ್ರು. ಚಾ ಕುಡೀತಿ?"

ಚಹಾ ಬೇಡವಾಗಿತ್ತು. ನೀಲಾಂಬಿಕಾ ಕಟ್ಟೆಯ ಮೇಲೆ ಕೂತು ಲೆಕ್ಕ ಹಾಕಿದಳು. ಒಂದು ಬಾಟಲಿಯಲ್ಲಿ ಇಪ್ಪತ್ತೆಂಟು ಪಟ್ಟಿ ಅದ್ದಬಹುದು. ಇವರು ಓಣಿಗೆಲ್ಲ ಅದ್ದಿದ್ದಾರೆ. ಎಲ್ಲಿಂದ ಬಂತು ಅಷ್ಟು ದ್ರವ?

"ಎಲ್ಲಿಂದ ಅಂದ್ರ? ಮೊದಲ ದಿನಾನ ಒಂದು ಚಮಚ ತೆಗೆದು, ಆರಿದ ಗಂಜಿತಿಳಿಗೆ ಹಾಕಿದೆ. ರಾತ್ರಿ ನೀಲಿ ಆತು, ಮುಂಜಾನಿ ಬೆಳ್ಳಗಾಗಿ ಹುಳಿ ಬಂತು. ಮೊಸರಿಗೆ ಹೆಪ್ಪು ಹಾಕಿದಂಗ ಐತಿ ಅಷ್ಟ. ನೀವು ಬಾಟ್ಲಿ ಕೊಡೋ ಮುಂದ ಇದು ಮೊಸರಿನ ಜಾತಿ ಅಂತ ಹೇಳಿದ್ರಲ್ಲ" ಅಂದಳು ಹಸೀನಾಬೀ. ಆಮೇಲೆ ಸ್ವಲ್ಪ ದನಿ ತಗ್ಗಿಸಿ, "ಓಣ್ಯಾಗ ಹೆಪ್ಪು ಕೇಳಿ ಬಂದೋರಿಗೆ ಇಲ್ಲ ಅನ್ನಾಕ ಬರ್ತದೇನು?" ಎಂದಳು.

"ಮೊದಲು ಯಾರು ಕೇಳಿದ್ರು?"

ಹಸೀನಾಬೀ ನೂಲಿನ ಕಡೆ ನೋಡಿದಳು. ಕಟ್ಟೆಯ ಮೇಲಿದ್ದ ಆರು ಜನರೂ ಬೇರೆ ಬೇರೆ ದಿಕ್ಕಿಗೆ ನೋಡಿದರು.

"ಯಾರು ಚಾಚೀ?"

"ನಿಮ್ಮತ್ತಿ" ಅಂದಳು ಹಸೀನಾಬೀ.

ನೀಲಾಂಬಿಕಾಳ ಅತ್ತೆ ಬಾಳವ್ವ ಅರವತ್ತೆರಡರ ಹೆಂಗಸು. ಖಣದ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ರಾಟೆಯ ಮುಂದೆ ಕೂತರೆ ಗಂಟೆಗಟ್ಟಲೆ ಏಳದೆ ಕಂಡಿಕೆಗೆ ನೂಲು ಸುತ್ತುವವಳು. ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷ. ದಿನಕ್ಕೆರಡು ಗುಳಿಗೆ. ಹಿಂದಿನ ಶ್ರಾವಣದ ಸೋಮವಾರ ಉಪವಾಸವಿದ್ದೂ ಗುಳಿಗೆ ನುಂಗಿ, ರಾಟೆಯ ಮೇಲೇ ಮುಖ ಕೆಳಗಾಗಿ ಬಿದ್ದಿದ್ದಳು. ಸಕ್ಕರೆ ಇಳಿದದ್ದೋ ಏರಿದ್ದೋ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಬೆಲ್ಲದ ನೀರು ಕುಡಿಸಬೇಕೋ ಬಾರದೋ ಎಂದು ನೀಲಾಂಬಿಕಾ ಲೋಟ ಹಿಡಿದುಕೊಂಡು ನಿಂತಿದ್ದಳು. ಸಕ್ಕರೆ ಅಳೆಯುವ ವಿದ್ಯೆಯನ್ನೇ ಕಲಿತು ಸಂಬಳ ತರುವವಳು ತನ್ನ ಮನೆಯಲ್ಲಿ ಹಾಗೆ ಕಲ್ಲಾಗಿ ನಿಂತ ಆ ನಾಲ್ಕು ನಿಮಿಷ ನೆನೆದರೆ ಅವಳಿಗೆ ಈಗಲೂ ನಾಚಿಕೆಯಾಗುತ್ತಿತ್ತು.

"ಅತ್ತೀ, ಹಸೀನಾ ಚಾಚಿ ಮನಿಯಿಂದ ಏನು ತಂದೀರಿ?"

ಬಾಳವ್ವ ರಾಟೆ ನಿಲ್ಲಿಸಲಿಲ್ಲ. "ಒಲಿ ಹಿಂದ ಐತಿ ನೋಡು. ಬಟ್ಟಿ ಬಿಚ್ಚಿ ನೋಡಿ ಮತ್ತ ಹಂಗ ಸುತ್ತು. ಥಂಡಿ ಆದ್ರ ಹುಳಿ ಬರಂಗಿಲ್ಲ."

ಒಲೆಯ ಹಿಂದೆ ಹಳೆಯ ಖಣದ ಬಟ್ಟೆ ಸುತ್ತಿದ ಸ್ಟೀಲ್ ಡಬ್ಬಿ. ಪಕ್ಕದಲ್ಲಿ ಎರಡು ಚಿಕ್ಕ ತಂಬಿಗೆ. ಗೂಟಕ್ಕೆ ಒಂದು ನೂಲಿನ ಗೊಂಚಲು ತೂಗುತ್ತಿತ್ತು. ಹನ್ನೆರಡು ಎಳೆ, ಬಿಳಿಯಿಂದ ಶುರುವಾಗಿ ಒಂದಕ್ಕಿಂತ ಒಂದು ತುಸು ಹೆಚ್ಚು ನೀಲಿ, ಕೊನೆಯದು ಕಪ್ಪಿಗೆ ಹತ್ತಿರ.

"ಇದೇನು?"

"ಮೊದಲ ನಾಕು ದಿನ ಹಸೀನಾನ ಫೋನ್ ಎಷ್ಟು ಹೇಳ್ತದ ಅಂತ ನೋಡಿದೆ. ಆ ಪಟ್ಟಿ ಬಣ್ಣದ್ದ ಎಳಿ ಬಣ್ಣದ ನೂಲಿನಾಗ ಹುಡುಕಿದೆ. ಇದು ನೂರು, ಇದು ನೂರ ಇಪ್ಪತ್ತು, ಇದು ನೂರ ಐವತ್ತು. ಈಗ ಫೋನ್ ಬೇಕಾಗಿಲ್ಲ. ಐವತ್ತು ವರ್ಷ ಬಣ್ಣ ನೋಡಿದ ಕಣ್ಣು ಇವು, ನಿನ್ನ ಫೋನ್ ಹುಟ್ಟಿದ್ದು ಯಾವಾಗ?"

"ತಂಬಿಗಿ ಯಾಕ?"

"ಒಂದರಾಗ ಬರೇ ನೀರು. ಒಂದರಾಗ ಅಳತಿ ಸಕ್ಕರಿ ನೀರು, ಓಣಿಗೆಲ್ಲ ಒಂದ ಅಳತಿ. ಪಟ್ಟಿಗೆ ಮೊದಲು ಬರೇ ನೀರು ಮುಟ್ಟಸ್ಬೇಕು. ನೀಲಿ ಬಂತಂದ್ರ ಹೆಪ್ಪಿನ ಹೊಟ್ಟಿ ಇನ್ನೂ ತುಂಬೇತಿ, ಅದು ಬ್ಯಾಡ. ಆಮ್ಯಾಲ ಸಕ್ಕರಿ ನೀರು. ಐದನೇ ಎಳಿ ಬಣ್ಣ ಬರಲಿಲ್ಲಂದ್ರ ಹೆಪ್ಪು ಸೋತೈತಿ, ಚೆಲ್ಲಿ ಯಾರ ಮನ್ಯಾಗ ಛಲೋ ಐತಿ ಅವರ ಮನಿಯಿಂದ ತರೋದು. ಎರಡೂ ಬರೋಬ್ಬರಿ ಬಂದ ಮ್ಯಾಲೇನ ಬೆರಳಿಗೆ ಸೂಜಿ."

ನೀಲಾಂಬಿಕಾಳಿಗೆ ಸಿಟ್ಟು ಮಾಡಲು ತಂದಿದ್ದ ಮಾತುಗಳೆಲ್ಲ ಮರೆತುಹೋದವು. ಪ್ರಯೋಗಾಲಯದಲ್ಲಿ ಹೊಸದಾಗಿ ಸೇರಿದ ಪದವೀಧರರಿಗೆ ಈ ಎರಡು ಪರೀಕ್ಷೆಗಳ ಮಹತ್ವ ಕಲಿಸಲು ಅವಳಿಗೆ ಆರು ತಿಂಗಳು ಹಿಡಿಯುತ್ತಿತ್ತು. ಕಲಿತ ಮೇಲೂ ಅವಸರದ ದಿನ ಅವರು ಅದನ್ನು ಬಿಟ್ಟುಬಿಡುತ್ತಿದ್ದರು. ಕಾಗದ ತೀರಿದ ಮೇಲೆ ಓಣಿಯವರು ತೊಳೆದ ಬಿಳಿ ಹತ್ತಿ ಬಟ್ಟೆಯನ್ನೇ ಪಟ್ಟಿ ಕತ್ತರಿಸಿಕೊಂಡಿದ್ದರು. ಅದಕ್ಕೇನೂ ಬರ ಇರಲಿಲ್ಲ.

"ಎಷ್ಟು ಮನ್ಯಾಗ ಐತಿ ಅತ್ತೀ?"

"ನಮ್ಮ ಓಣ್ಯಾಗ ಎಲ್ಲಾ ಕಡೆ. ಆಚಿ ಓಣಿ ಲೆಕ್ಕ ನನಗೇನು ಗೊತ್ತು?" ಬಾಳವ್ವ ಈಗ ರಾಟೆ ನಿಲ್ಲಿಸಿದಳು. "ನಿನ್ನ ಕೆಲಸಕ್ಕ ತೊಂದರಿ ಆಗ್ತದ ಅಂತ ಗೊತ್ತಿತ್ತು ನೀಲಾ. ಅದಕ್ಕ ಹೇಳಲಿಲ್ಲ. ಆದ್ರ ಮತ್ತೊಮ್ಮೆ ಹಂಗ ಬಿದ್ದು, ನೀ ಲೋಟ ಹಿಡ್ಕೊಂಡು ನಿಂತಿರೋದು ನನಗ ನೋಡಾಕ ಆಗಂಗಿಲ್ಲ. ಹ್ವಾದ ಸೋಮವಾರ ಮುಂಜಾನಿ ಎರಡನೇ ಎಳಿ ಬಣ್ಣನೂ ಬರಲಿಲ್ಲ. ಗುಳಿಗಿ ನುಂಗಲಿಲ್ಲ, ಮೊದಲು ರೊಟ್ಟಿ ತಿಂದೆ. ಇಷ್ಟ."

ಇಷ್ಟೇ. ಈ ಇಷ್ಟಕ್ಕಾಗಿಯೇ ಕೇಂದ್ರ ಕಟ್ಟಿದ್ದು, ಜೀವಿ ತಿದ್ದಿದ್ದು, ಚೀಟಿ ಎತ್ತಿದ್ದು. ಅದು ಚೀಟಿಯಲ್ಲಿ ಹೆಸರಿಲ್ಲದ ಬಾಳವ್ವನಿಗೆ ಒಲೆಯ ಹಿಂದೆ ಸಿಕ್ಕಿತ್ತು. ನೀಲಾಂಬಿಕಾ ಡಬ್ಬಿಯಿಂದ ಎರಡು ಚಮಚ ಸಣ್ಣ ಸೀಸೆಗೆ ಹಾಕಿಕೊಂಡು, ಬಟ್ಟೆಯನ್ನು ಮೊದಲಿನಂತೆಯೇ ಸುತ್ತಿಟ್ಟಳು.

ಕಟಗೇರಿಯವರ ಮುಂದೆ ಎಲ್ಲವನ್ನೂ ಹೇಳಿದಳು, ಅತ್ತೆಯ ಹೆಸರನ್ನೂ ಮುಚ್ಚಿಡಲಿಲ್ಲ. ಅವರ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿಕೊಂಡಿತು.

"ತಿದ್ದಿದ ಜೀವಿ ಊರ ತುಂಬ ಓಡಾಡಾಕ ಹತ್ತೇತಿ ಅಂತ ನಾ ಮೇಲೆ ಹೆಂಗ ಹೇಳ್ಲಿ? ತಪ್ಪು ಬಣ್ಣ ನೋಡಿ ಯಾರರೆ ಇನ್ಸುಲಿನ್ ಹೆಚ್ಚಿಗಿ ಚುಚ್ಕೊಂಡ್ರ?" ಅವರ ಭಯ ಸುಳ್ಳಾಗಿರಲಿಲ್ಲ. "ಅದೂ ಅಲ್ದ, ನಮ್ಮ ಜೀವಿ ಐದನೇ ಪೀಳಿಗಿಗೆ ಕಲಿತದ್ದು ಮರೀತದ. ನೀಲಿ ಮಾಡೋದು ಅದಕ್ಕ ದಂಡದ ಕೆಲಸ, ಅವಕಾಶ ಸಿಕ್ರ ಬಿಟ್ಟುಬಿಡ್ತದ. ಇದು ನಿಮಗೂ ಗೊತ್ತು."

"ಗೊತ್ತು ಸರ್. ಇದು ನೋಡ್ರಿ" ಎಂದು ನೀಲಾಂಬಿಕಾ ಸೀಸೆ ಮುಂದಿಟ್ಟಳು.

ಮೂರು ದಿನ ಕೇಂದ್ರದ ಯಂತ್ರಗಳಲ್ಲಿ ಆ ಎರಡು ಚಮಚ ಹೆಪ್ಪಿನ ವಂಶಾವಳಿ ಹುಡುಕಿದರು. ಅದು ಹನ್ನೆರಡನೆಯ ಪೀಳಿಗೆಯನ್ನೂ ದಾಟಿತ್ತು. ಏನೂ ಮರೆತಿರಲಿಲ್ಲ, ಕೇಂದ್ರದಿಂದ ಹೊರಟಾಗಿನದ್ದಕ್ಕಿಂತ ಚುರುಕಾಗಿಯೇ ನೀಲಿಯಾಗುತ್ತಿತ್ತು. ಕಟಗೇರಿಯವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹನ್ನೊಂದು ವರ್ಷ ಅವರು ತಲೆ ಕೆಡಿಸಿಕೊಂಡಿದ್ದ ಪ್ರಶ್ನೆ ಅದು.

ಉತ್ತರ ನೀಲಾಂಬಿಕಾಳಿಗೆ ಹೊಳೆದಿತ್ತು. ಕೇಂದ್ರದಲ್ಲಿ ಒಂದು ಪಾತ್ರೆಯ ಜೀವಿ ಅದೇ ಪಾತ್ರೆಯ ವಂಶ ಬೆಳೆಸುತ್ತದೆ. ಕೆಟ್ಟದ್ದೂ ಅದರಲ್ಲೇ ಉಳಿದು ಬೆಳೆಯುತ್ತದೆ. ಓಣಿಯಲ್ಲಿ ಸೋತ ಹೆಪ್ಪನ್ನು ಯಾರೂ ಸಾಕುವುದಿಲ್ಲ. ದಿನಾ ಮುಂಜಾನೆ ಸಕ್ಕರೆ ನೀರಿನ ಪರೀಕ್ಷೆ. ಪಾಸಾಗದಿದ್ದರೆ ಚೆಲ್ಲಿ, ಪಾಸಾದ ಮನೆಯಿಂದ ಒಂದು ಚಮಚ. ಇನ್ನೂರು ಅಡುಗೆಮನೆಗಳು ಸೇರಿ ದಿನದಿನವೂ ಒಳ್ಳೆಯದನ್ನೇ ಆರಿಸುತ್ತಿದ್ದವು. ಇದಕ್ಕೆ ಸಮನಾದ ಪ್ರಯೋಗಾಲಯ ಕಟ್ಟುವುದು ಯಾವ ಸರಕಾರದ ಕೈಲೂ ಆಗದ ಮಾತು.

ಆದರೂ ನಿಯಮ ನಿಯಮವೇ. ಕಟಗೇರಿಯವರು ರಾಜ್ಯದ ಜೀವಸುರಕ್ಷಾ ಮಂಡಳಿಗೆ ವರದಿ ಕಳಿಸಿದರು. ಮಂಡಳಿಯಿಂದ ಡಾಕ್ಟರ್ ಲವೀನಾ ಸಲ್ಡಾನ್ಹಾ ಎಂಬವರು ಬಂದರು. ಉಡುಪಿ ಕಡೆಯವರು, ನೇರ ಮಾತು. ಎರಡು ದಿನ ದಾಖಲೆ ಓದಿ, ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು.

"ಈ ಜೀವಿಯಿಂದ ರೋಗ ಬರುವುದಿಲ್ಲ, ಕುದಿಸಿದರೆ ಸಾಯ್ತದೆ, ಅದು ಸರಿ. ನನ್ನ ಪ್ರಶ್ನೆ ಒಂದೇ. ಮನೆಯಲ್ಲಿ ಮಾಡಿದ ಪಟ್ಟಿಯನ್ನು ನಂಬಬಹುದಾ ಇಲ್ವಾ? ಹತ್ತು ಹೆಂಗಸರು ಬರಲಿ. ತಮ್ಮ ಹೆಪ್ಪು ತರಲಿ, ಪಟ್ಟಿ ನನ್ನ ಕಣ್ಣೆದುರೇ ಮಾಡಲಿ. ಅರವತ್ತು ಸೀಸೆ ರಕ್ತ ಕೊಡ್ತೇನೆ, ಯಾವುದರ ಮೇಲೂ ಹೆಸರಿರುವುದಿಲ್ಲ. ಐವತ್ನಾಲ್ಕು ಸರಿಯಾದರೆ ಮುಂದಿನ ಮಾತು. ಇಲ್ಲದಿದ್ದರೆ ಶುಕ್ರವಾರ ಮನೆ ಮನೆಗೆ ಹೋಗಿ ಎಲ್ಲವನ್ನೂ ಬ್ಲೀಚಿಂಗ್ ನೀರಿಗೆ ಸುರಿಯಬೇಕಾಗ್ತದೆ. ಅದನ್ನು ನೀವೇ ಮಾಡಬೇಕು ನೀಲಾಂಬಿಕಾ."

ಅತ್ತೆಯ ಒಲೆಯ ಹಿಂದಿನ ಡಬ್ಬಿಗೆ ತನ್ನ ಕೈಯಾರೆ ಬ್ಲೀಚಿಂಗ್ ಸುರಿಯುವುದನ್ನು ನೀಲಾಂಬಿಕಾ ಊಹಿಸಿಕೊಳ್ಳಲು ಹೋಗಿ, ಊಹಿಸಿಕೊಳ್ಳಲಾರದೆ ಬಿಟ್ಟಳು. ಬುಧವಾರ ಸಂಜೆ ಸಲ್ಡಾನ್ಹಾ ಅವರು ಕೊಟ್ಟ ಹತ್ತು ಕಂದು ಗಾಜಿನ ಬಾಟಲಿಗಳನ್ನು ತಾನೇ ಹತ್ತು ಮನೆಗೆ ಹಂಚಿ ಬಂದಳು. ಮುಂಜಾನೆ ಹೆಪ್ಪು ಪೂರ್ತಿ ಬೆಳ್ಳಗಾಗಿದೆಯೋ ನೋಡಿ, ತುಂಬಿಕೊಂಡು ಬನ್ನಿ ಎಂದು ಒಬ್ಬೊಬ್ಬರಿಗೂ ಎರಡೆರಡು ಸಲ ಹೇಳಿದಳು.

ಗುರುವಾರ ಹತ್ತು ಜನರೂ ಹೊಸ ಖಣದ ಕುಪ್ಪಸ ತೊಟ್ಟು, ಮದುವೆಗೆ ಬಂದವರ ಹಾಗೆ ಕೇಂದ್ರಕ್ಕೆ ಬಂದರು. ಬಾಳವ್ವ ನೂಲಿನ ಗೊಂಚಲನ್ನು ಕೈಗೆ ಕಟ್ಟಿಕೊಂಡಿದ್ದಳು. ಬಿಳಿ ಕೋಟು ಹಾಕಿಕೊಳ್ಳಿ ಎಂದಾಗ ಹಸೀನಾಬೀ ಮಾತ್ರ, "ಇದರ ನೇಯ್ಗಿ ಬಾಳ ಸಡ್ಲ ಐತಿ" ಎಂದು ತೋಳು ಹಿಡಿದೆಳೆದು ನೋಡಿದಳು. ಉಳಿದವರು ಮೇಜಿನ ಮುಂದೆ ನಿಂತು ಬಾಟಲಿಯ ಬಾಯಿ ತೆರೆದು, ಬಟ್ಟೆಯ ಪಟ್ಟಿ ಅದ್ದಿ, ನೆರಳಿಗೆ ಹರವಿದರು.

ಒಣಗುತ್ತಾ ಬಂದ ಪಟ್ಟಿಗಳ ಮೇಲೆ ನೀಲಾಂಬಿಕಾ ಬಗ್ಗಿ ನೋಡಿದಳು. ಮೇಜಿನ ಈ ತುದಿಯಲ್ಲಿ ಒಂದೂ ಬೆಳ್ಳಗಿರಲಿಲ್ಲ. ಮಳೆಗಾಲದ ಮೋಡದ ಹಾಗೆ ಎಲ್ಲವೂ ನಸುನೀಲಿ. ರಕ್ತ ಇನ್ನೂ ಮೇಜಿಗೇ ಬಂದಿರಲಿಲ್ಲ.

ಸಲ್ಡಾನ್ಹಾ ಗಡಿಯಾರ ನೋಡಿದರು. "ಶುರು ಮಾಡಬಹುದಾ?"

ಬಾಳವ್ವ ತನ್ನ ಪಟ್ಟಿಗೆ ಬರೀ ನೀರು ಮುಟ್ಟಿಸಿದಳು. ನೀಲಿ ಇನ್ನಷ್ಟು ಗಾಢವಾಯಿತು. ಪಕ್ಕದವಳೂ ಮುಟ್ಟಿಸಿದಳು, ಅದರ ಪಕ್ಕದವಳೂ. ಕಟಗೇರಿಯವರು ಕಿಟಕಿಯ ಕಡೆ ತಿರುಗಿ ನಿಂತರು. ಹೇಗಾದರೂ ಒಂದು ಅಂಕಿ ಹೇಳಿಬಿಡಿ, ಅಂದಾಜಿಗಾದರೂ ಹೇಳಿ ಎಂದು ನೀಲಾಂಬಿಕಾಳ ಮನಸ್ಸು ಒಂದು ಗಳಿಗೆ ಬೇಡಿಕೊಂಡಿತು. ಬಾಳವ್ವ ಪಟ್ಟಿಯನ್ನು ಕಸದ ಬುಟ್ಟಿಗೆ ಹಾಕಿದಳು.

"ಇದು ಬರಂಗಿಲ್ರೀ ಬಾಯಾರ" ಅಂದಳು. "ಹೊಟ್ಟಿ ತುಂಬಿದ ಹೆಪ್ಪು. ಇದರಾಗ ನೋಡಿ ನಾನು ಒಂದು ಅಂಕಿನೂ ಹೇಳಂಗಿಲ್ಲ."

ಉಳಿದವರೂ ಒಬ್ಬೊಬ್ಬರಾಗಿ ತಮ್ಮ ಪಟ್ಟಿ ಬುಟ್ಟಿಗೆ ಹಾಕಿದರು. ಹಸೀನಾಬೀ ಮಾತ್ರ ಹಾಕಲಿಲ್ಲ.

"ನಂದು ಬರೋಬ್ಬರಿ ಐತಿ" ಅಂದಳು. ಮೇಜಿನ ಆ ತುದಿಯಲ್ಲಿ ಅವಳ ಮುಂದೆ ಹರವಿದ್ದ ಆರು ಪಟ್ಟಿಗಳೂ ಅಚ್ಚ ಬಿಳಿ. ನೀಲಾಂಬಿಕಾ ಎರಡೇ ಹೆಜ್ಜೆಗೆ ಅವಳ ಹತ್ತಿರ ಬಂದಳು. ಮೇಜಿನ ಮೇಲೆ ಕಂದು ಬಾಟಲಿ ಇರಲಿಲ್ಲ, ಒಂದು ಸ್ಟೀಲ್ ಡಬ್ಬಿ ಇತ್ತು.

"ಬಾಟ್ಲಿ ಎಲ್ಲಿ ಚಾಚೀ?"

"ಮುಚ್ಚಳ ಕೂಡ್ರಲಿಲ್ಲವ್ವ, ಸೋರಾಕ ಹತ್ತಿತ್ತು. ನಮ್ಮ ಡಬ್ಬ್ಯಾಗ ತಂದೆ."

"ಡಬ್ಬ್ಯಾಗ ಏನೂ ಹಾಕಿಲ್ಲ?"

"ನಮ್ಮ ಡಬ್ಬಿಗೆ ಯಾಕ ಹಾಕ್ಲಿ? ಬಾಟ್ಲಿ ಅಂದ್ರ ನಿಮ್ದು. ಮಂದಿ ಪಾತ್ರಿ ವಾಪಸ್ ಕೊಡೋ ಮುಂದ..." ಹಸೀನಾಬೀ ಅಷ್ಟಕ್ಕೇ ನಿಲ್ಲಿಸಿ ಬಾಳವ್ವನ ಮುಖ ನೋಡಿದಳು. ಬಾಳವ್ವ ಹಣೆ ಹಿಡಿದುಕೊಂಡು ಪಕ್ಕದ ಸ್ಟೂಲಿನ ಮೇಲೆ ಕೂತಳು.

ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾದ ಮಾತಲ್ಲ ಇದು. ಬೇರೆಯವರ ಮನೆಯಿಂದ ಬಂದ ಪಾತ್ರೆಯನ್ನು ಬರಿದಾಗಿ ವಾಪಸು ಕೊಡಬಾರದು, ಅದರಲ್ಲಿ ಚಿಟಿಕೆ ಸಕ್ಕರೆಯಾದರೂ ಇರಬೇಕು. ಒಂಬತ್ತು ಮನೆಯ ಒಂಬತ್ತು ಮರ್ಯಾದಸ್ಥ ಹೆಂಗಸರು, ಸರಕಾರದ ಬಾಟಲಿಯನ್ನು ಸರಕಾರಕ್ಕೆ ಹಿಂತಿರುಗಿಸುವಾಗ, ಒಬ್ಬರಿಗೊಬ್ಬರು ಹೇಳದೆ ಕೇಳದೆ, ತಳಕ್ಕೆ ಒಂದೊಂದು ಚಿಟಿಕೆ ಸಕ್ಕರೆ ಹಾಕಿ ಅದರ ಮೇಲೆ ಹೆಪ್ಪು ತುಂಬಿಕೊಂಡು ಬಂದಿದ್ದರು. ಕೈ ತನ್ನ ಪಾಡಿಗೆ ತಾನು ಮಾಡಿತ್ತು, ತಲೆಗೆ ತಿಳಿದಿರಲಿಲ್ಲ. ಕಂದು ಗಾಜಿನೊಳಗೆ ಅದು ನೀಲಿಯಾದದ್ದು ಯಾರಿಗೂ ಕಂಡಿರಲಿಲ್ಲ.

ನೀಲಾಂಬಿಕಾ ಇದನ್ನು ಹೇಳುವಾಗ ಸಲ್ಡಾನ್ಹಾ ಅವರ ತುಟಿ ತುಸು ಅಲುಗಿತು. ಆದರೆ ಅವರು ನಿಯಮ ಬಿಡಲಿಲ್ಲ. "ಹಾಗಾದರೆ ಒಬ್ಬರದ್ದು ಮಾತ್ರ ಸರಿ ಇದೆ. ಹತ್ತು ಮನೆಯ ಪರೀಕ್ಷೆ ಹೇಗೆ ಆಗ್ತದೆ?"

"ಮೇಡಂ, ಉಳಿದ ಒಂಬತ್ತೂ ಜನ ಹಸೀನಾಬೀಯಿಂದ ಒಂದೊಂದು ಚಮಚ ಇಸ್ಕೋತಾರ" ಅಂದಳು ನೀಲಾಂಬಿಕಾ. "ಓಣ್ಯಾಗ ನಡೆಯೋದ ಹಂಗ. ಕೆಟ್ಟದ್ದು ಅಂತ ತಿಳೀಬೇಕು, ತಿಳಿದ ಮ್ಯಾಲೆ ಚೆಲ್ಲಬೇಕು, ಛಲೋ ಇದ್ದವರ ಹತ್ರ ಕೇಳ್ಬೇಕು. ಮೂರನ್ನೂ ಇವರು ನಿಮ್ಮ ಮುಂದ ಮಾಡಿ ತೋರ್ಸ್ಯಾರ. ನೀವು ನೋಡಾಕ ಬಂದದ್ದು ಇದನ್ನ. ಇನ್ನ ರಕ್ತ ಅಷ್ಟ ಉಳೀತು."

ಕಿಟಕಿಯ ಕಡೆ ಮುಖ ಮಾಡಿದ್ದ ಕಟಗೇರಿಯವರು ತಿರುಗಿದರು. "ಡಾಕ್ಟರೇ, ಹನ್ನೊಂದು ವರ್ಷದಾಗ ತಪಾಸಣೆಗೆ ಬಂದವರ ಮುಂದ ತನ್ನ ಪ್ರಯೋಗ ತಾನೇ ಬುಟ್ಟಿಗೆ ಹಾಕಿದವರನ್ನ ನಾ ಈ ಕಟ್ಟಡದಾಗ ನೋಡಿಲ್ಲ. ನನ್ನೂ ಹಿಡಿದು ಹೇಳಾಕ ಹತ್ತೀನಿ" ಅಂದರು.

ಸಲ್ಡಾನ್ಹಾ ಬುಟ್ಟಿಯೊಳಗಿನ ನೀಲಿ ಪಟ್ಟಿಗಳನ್ನು ನೋಡಿದರು. ಆಮೇಲೆ ಹಸೀನಾಬೀಯ ಡಬ್ಬಿಯನ್ನು ನೋಡಿದರು.

"ಇಸ್ಕೊಳ್ಳಿ" ಅಂದರು.

ಹಸೀನಾಬೀ ಒಬ್ಬೊಬ್ಬರ ಹೊಸ ಬಟ್ಟಲಿಗೆ ಒಂದೊಂದು ಚಮಚ ಹಾಕಿದಳು. ಹೊಸ ಪಟ್ಟಿ ಅದ್ದಿ ಒಣಗಿಸಿದರು. ಬರೀ ನೀರು ಮುಟ್ಟಿಸಿದರು, ಬಿಳಿ ಬಿಳಿಯಾಗಿಯೇ ಉಳಿಯಿತು. ಸಕ್ಕರೆ ನೀರು ಮುಟ್ಟಿಸಿದರು, ಐದನೆಯ ಎಳೆಯ ಬಣ್ಣ ಬಂತು. ಆಮೇಲೆ ರಕ್ತ. ಬಾಳವ್ವನ ಗೊಂಚಲು ಕೈಯಿಂದ ಕೈಗೆ ಹೋಯಿತು. ಪಟ್ಟಿಯನ್ನು ಬೆಳಕಿಗೆ ಹಿಡಿದು, ಎಳೆಯ ಪಕ್ಕ ಇಟ್ಟು, ಕಣ್ಣು ಕಿರಿದು ಮಾಡಿ, "ಆರಕ್ಕ ಹೆಚ್ಚು, ಏಳಕ್ಕ ಕಡಿಮಿ. ನೂರ ಎಪ್ಪತ್ತು ಬರಕೋರ್ರಿ" ಎಂದು ಒಬ್ಬಳು ಹೇಳಿದರೆ ನೀಲಾಂಬಿಕಾ ಬರೆದುಕೊಳ್ಳುವಳು. ಖಣದ ಅಂಚಿಗೆ ಬಣ್ಣ ಕೂಡಿಸುವಾಗ ಮಾತಾಡುವ ಧಾಟಿಯೇ ಅದು. ಮಧ್ಯಾಹ್ನದ ಹೊತ್ತಿಗೆ ಅರವತ್ತೂ ಮುಗಿದವು.

ಸಲ್ಡಾನ್ಹಾ ಲಕೋಟೆ ಒಡೆದು ಯಂತ್ರದ ಅಂಕಿಗಳ ಪಕ್ಕ ಇವರ ಅಂಕಿಗಳನ್ನು ಇಟ್ಟು ಒಂದೊಂದಾಗಿ ಗುರುತು ಹಾಕಿದರು. ಮುಗಿದ ಮೇಲೆ ಎರಡನೆಯ ಸಲ ಹಾಕಿದರು. ಬಾಳವ್ವ ಅಷ್ಟರಲ್ಲಿ ಸೆರಗಿನ ತುದಿಯನ್ನು ಹಿಂಡಿ ಹಿಂಡಿ ಹಗ್ಗ ಮಾಡಿದ್ದಳು.

"ಐವತ್ತೇಳು" ಅಂದರು ಸಲ್ಡಾನ್ಹಾ. "ನಿನ್ನೆ ಕೇಂದ್ರದ ಸೀಲು ಮಾಡಿದ ಬಾಟಲಿಯ ಪಟ್ಟಿಗಳನ್ನೂ ನಾನು ಪರೀಕ್ಷೆ ಮಾಡಿದ್ದೆ. ಅದು ಐವತ್ತೊಂದು."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದದ್ದು ಮೊದಲು ಹಸೀನಾಬೀಗೆ. ಅವಳು ಬಾಳವ್ವನ ತೋಳು ಹಿಡಿದು ಅಲುಗಾಡಿಸಿದಳು. ಆಮೇಲೆ ಹತ್ತೂ ಜನ ಒಟ್ಟಿಗೆ ಮಾತಾಡತೊಡಗಿದರು, ಯಾರೂ ಯಾರ ಮಾತನ್ನೂ ಕೇಳಲಿಲ್ಲ. ತಾನು ಅಳುತ್ತಿದ್ದೇನೆಂದು ನೀಲಾಂಬಿಕಾಳಿಗೆ ತಿಳಿದದ್ದು ಕಟಗೇರಿಯವರು ತಮ್ಮ ಕರ್ಚೀಫು ಕೊಟ್ಟಾಗಲೇ. ಅವಳಿಗೆ ಸಂತೋಷವಾಗಿತ್ತು, ಹೆಮ್ಮೆಯಾಗಿತ್ತು. ಲೋಟ ಹಿಡಿದು ನಿಂತ ಆ ನಾಲ್ಕು ನಿಮಿಷ ಅಂದು ಅವಳ ಎದೆಯಿಂದ ಇಳಿದುಹೋಯಿತು.

ಆದೇಶ ಅದೇ ಸಂಜೆ ತಯಾರಾಯಿತು. ನಲವತ್ತು ಮನೆಯ ಮಿತಿ ರದ್ದು. ಇನ್ಸುಲಿನ್ ಆಗಲಿ ಗುಳಿಗೆ ಆಗಲಿ, ಸಕ್ಕರೆ ಕಾಯಿಲೆಯವರೆಲ್ಲ ಸೇರಬಹುದು. ಓಣಿಗೊಬ್ಬರು ವಾರಕ್ಕೊಮ್ಮೆ ಒಂದು ಚಮಚ ಹೆಪ್ಪನ್ನು ಕೇಂದ್ರಕ್ಕೆ ತಂದು ತೋರಿಸಬೇಕು. ಬರೀ ನೀರು, ಸಕ್ಕರೆ ನೀರಿನ ಪರೀಕ್ಷೆ ಕಡ್ಡಾಯ. ಕೊನೆಯ ಸಾಲನ್ನು ಸಲ್ಡಾನ್ಹಾ ಕೈಯಲ್ಲೇ ಬರೆದರು: ರಾಜ್ಯದ ಯಾವ ಊರಿನವರಾದರೂ ಹೆಪ್ಪು ಕೊಡುವುದಕ್ಕೂ ತೆಗೆದುಕೊಳ್ಳುವುದಕ್ಕೂ ಅಡ್ಡಿಯಿಲ್ಲ.

ಸಹಿ ಒಣಗುವ ಮೊದಲೇ ಅವರು ನೀಲಾಂಬಿಕಾಳ ಜೊತೆ ಓಣಿಗೆ ಬಂದರು. ಮನೆಗಳಲ್ಲಿ ದೀಪ ಹತ್ತಿದ್ದವು. ಬಾಳವ್ವ ಕೊಟ್ಟ ಚಹಾ ಕುಡಿದು, ಸ್ವಲ್ಪ ಸಂಕೋಚದಿಂದ ಹೇಳಿದರು.

"ಅಮ್ಮಾ, ನನ್ನ ಅಣ್ಣ ಮಲ್ಪೆಯಲ್ಲಿ ಬೋಟಿನ ಎಂಜಿನ್ ಡ್ರೈವರ್. ಸಮುದ್ರಕ್ಕೆ ಹೋದರೆ ಹತ್ತು ದಿನ ಬರುವುದಿಲ್ಲ. ಹದಿನಾಲ್ಕು ವರ್ಷದಿಂದ ಸಕ್ಕರೆ ಉಂಟು. ಬಿಲ್ಲೆ ಹಾಕಿದರೆ ಉಪ್ಪುನೀರಿಗೆ ನಿಲ್ಲುವುದಿಲ್ಲ. ನನಗೂ ಒಂದು ಚಮಚ ಹೆಪ್ಪು ಕೊಡಬಹುದಾ?"

"ಕೊಡಂಗಿಲ್ರೀ" ಅಂದಳು ಬಾಳವ್ವ.

"ಅತ್ತೀ" ಎಂದು ನೀಲಾಂಬಿಕಾ ಗಾಬರಿಯಾದಳು.

"ದೀಪ ಹಚ್ಚಿದ ಮ್ಯಾಲೆ ಹೆಪ್ಪು ಹೊರಗ ಹೋಗಂಗಿಲ್ಲ. ಯಾರಿಗೂ ಕೊಡಂಗಿಲ್ಲ. ಮುಂಜಾನಿ ಬರ್ರಿ, ಪಾತ್ರಿ ತರ್ರಿ."

ಸಲ್ಡಾನ್ಹಾ ಜೋರಾಗಿ ನಕ್ಕರು. ಆ ರಾತ್ರಿಯ ಬಸ್ಸಿನ ಟಿಕೆಟ್ ರದ್ದು ಮಾಡಿ, ಮುಂಜಾನೆ ಏಳಕ್ಕೆ ಹೊಸ ಡಬ್ಬಿ ಹಿಡಿದುಕೊಂಡು ಬಂದರು. ಬಾಗಿಲಲ್ಲಿ ಆಗಲೇ ಆಚೆ ಓಣಿಯವರು ಮೂವರಿದ್ದರು. ಮಂಡಳಿಯ ಅಧಿಕಾರಿ ನಾಲ್ಕನೆಯವರಾಗಿ ನಿಂತರು.

ಬಾಳವ್ವ ಡಬ್ಬಿಗೆ ಒಂದು ಚಮಚ ಹಾಕಿ, ಬಟ್ಟೆ ಸುತ್ತಿ ಕೊಟ್ಟಳು. "ನಿಮ್ಮ ಅಣ್ಣಗ ಹೇಳ್ರಿ. ಇದು ಕೆಟ್ಟು ಹ್ವಾದ್ರ ಅಷ್ಟು ದೂರದಿಂದ ನನ್ನ ಹತ್ರ ಬರಾಕ ಆಗಂಗಿಲ್ಲ, ತನ್ನ ಓಣ್ಯಾಗ ಕೇಳಬೇಕು. ಓಣ್ಯಾಗ ಸಿಗಬೇಕಂದ್ರ ಮೊದಲು ತಾನ ಎಲ್ಲಾರಿಗೂ ಕೊಟ್ಟಿರಬೇಕು."

"ಹೇಳ್ತೇನೆ" ಅಂದರು ಸಲ್ಡಾನ್ಹಾ. ಡಬ್ಬಿಯನ್ನು ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದುಕೊಂಡರು.

ಅವರು ಹೋದ ಮೇಲೆ ಬಾಳವ್ವ ನೀಲಾಂಬಿಕಾಳ ಫೋನು ಈಸಿಕೊಂಡಳು. ನಿನ್ನೆಯ ತನಕ ಕದ್ದುಮುಚ್ಚಿ ನೋಡಿಕೊಳ್ಳುತ್ತಿದ್ದವಳು ಇಂದು ಬಾಗಿಲ ಮುಂದೆ, ಬಿಸಿಲಿನಲ್ಲಿ, ಓಣಿಯವರೆಲ್ಲ ನೋಡುವಂತೆ ಕೂತು ಬೆರಳು ಚುಚ್ಚಿಕೊಂಡಳು. ಬಾದಾಮಿ ರಸ್ತೆಯ ಪರದೆಯ ಮೇಲೆ ಆ ದಿನದ ಮೊದಲ ಹೊಸ ಹೆಸರು ಮೂಡಿತು: ಬಾಳವ್ವ ಜವಳಿ, ಗುಳಿಗೆ ಮಾತ್ರ, ನೂರ ಹದಿನೆಂಟು. ಕಟಗೇರಿಯವರು ಅದನ್ನು ಓದಿ ಫೋನ್ ಮಾಡಿದಾಗ ಬಾಳವ್ವ ಒಳಗೆ ಹೋಗಿ ರೊಟ್ಟಿ ತಟ್ಟುತ್ತಿದ್ದಳು, ಅಂಕಿ ಛಲೋ ಐತಿ ಅಂತ ಆಕೆಗೆ ಆಗಲೇ ಗೊತ್ತಿತ್ತು.